ನುಗ್ಗೆಯ ಕೊಂಬೆ, ಮೊಸರಿನ ಗಡಿಗೆ

ಮಿಠಾಯಿ ಅಂಗಡಿಯ ಹಿತ್ತಲಿನ ನುಗ್ಗೆಮರದಲ್ಲಿ ಒಬ್ಬಳು ಅಳಿಲಕ್ಕ, ಅವಳ ತಮ್ಮ ವಾಸವಾಗಿದ್ದರು. ದಿನಾ ಬೆಳಿಗ್ಗೆ ಒಂದು ಸಣ್ಣ ಕೊಂಬೆಯ ಮೇಲೆ ಓಡಿ ಅಂಗಡಿಯ ಕಿಟಕಿಗೆ ಜಿಗಿದು, ಉದುರಿದ ಬೂಂದಿಯನ್ನು ಸಮಪಾಲು ಮಾಡಿಕೊಂಡು ತಿನ್ನುತ್ತಿದ್ದರು. ಅಕ್ಕ ಮಾತ್ರ ಅದಕ್ಕೂ ಮೊದಲು ಕಿಟಕಿಯ ಪಕ್ಕದಲ್ಲಿಟ್ಟಿದ್ದ ಮೊಸರಿನ ಗಡಿಗೆಯ ಅಂಚನ್ನು ನಾಲ್ಕು ಸಲ ನೆಕ್ಕುತ್ತಿದ್ದಳು.

"ತುಪ್ಪದ ಬೂಂದಿ ಎದುರಿಗಿರುವಾಗ ಆ ಹುಳಿ ಯಾಕೆ?" ಎಂದು ತಮ್ಮ ಮುಖ ಕಿವುಚಿದ.

"ಮೊಸರಿನಲ್ಲಿ ಕಣ್ಣಿಗೆ ಕಾಣದ ಜೀವಗಳಿವೆ. ಅವು ಹೊಟ್ಟೆಯಲ್ಲಿ ಮೊದಲೇ ಬಿಡಾರ ಹೂಡಿದ್ದರೆ ಬೊಜ್ಜಿಗೆ ಅಷ್ಟು ಸುಲಭವಾಗಿ ಜಾಗ ಸಿಗಲಿಕ್ಕಿಲ್ಲ."

"ಇರುವ ಹೊಟ್ಟೆ ಬೂಂದಿಗೇ ಸಾಲದು. ಅದರಲ್ಲಿ ಬಾಡಿಗೆದಾರರು ಬೇರೆ!" ಎಂದು ತಮ್ಮ ನಕ್ಕ.

ಮಳೆಗಾಲ ಕಳೆಯುವಷ್ಟರಲ್ಲಿ ತಮ್ಮ ದಪ್ಪಗಾಗಿದ್ದ. ಅಕ್ಕ ಓಡಿದರೆ ಸದ್ದೇ ಮಾಡದ ಕೊಂಬೆ, ಅವನು ಕಾಲಿಟ್ಟರೆ ಸಾಕು, ಕಿರುಗುಟ್ಟತೊಡಗಿತು. ಅವನಿಗೆ ಹೆದರಿಕೆಯಾಯಿತು. ಒಂದು ದಿನ ಅಕ್ಕ ಏಳುವ ಮೊದಲೇ ಹೋಗಿ ಗಡಿಗೆಯ ಮೊಸರನ್ನೆಲ್ಲ ಒಂದೇ ಉಸಿರಿಗೆ ಕುಡಿದ. 'ಇನ್ನು ನಾನು ಹೂವಿನಷ್ಟು ಹಗುರ' ಎಂದುಕೊಂಡು ಮರಕ್ಕೆ ಹಾರಿದ. ಕೊಂಬೆ ಲಟಕ್ಕನೆ ಮುರಿದು, ಅವನು ಕೆಳಗಿನ ಬೂದಿಗುಡ್ಡೆಗೆ ಬಿದ್ದ. ಪುಣ್ಯಕ್ಕೆ ಅಂಗಡಿಯ ಬೆಕ್ಕು ಆಗಷ್ಟೇ ಊಟ ಮುಗಿಸಿತ್ತು. ಒಂದು ಕಣ್ಣು ತೆರೆದು ನೋಡಿ ಮತ್ತೆ ಮುಚ್ಚಿತು.

"ನಿನ್ನ ಮೊಸರಿನ ಮಾತೆಲ್ಲ ಸುಳ್ಳು!" ಎಂದು ತಮ್ಮ ಅಲ್ಲಿಂದಲೇ ಕೂಗಿದ.

ಅಕ್ಕ ಸಾವಕಾಶವಾಗಿ ಮರ ಇಳಿದು ಬಂದು ಅವನ ಮೈಮೇಲಿನ ಬೂದಿ ಕೊಡವಿದಳು.

"ಹಾಲು ಉಕ್ಕಿ ಒಲೆಯೇ ಆರಿಹೋದ ಮೇಲೆ ಹೆಪ್ಪು ಹಾಕಿ, ಹೆಪ್ಪನ್ನು ಬೈಯಬೇಡ ತಮ್ಮಾ" ಎಂದಳು.