ನೋಡದೆ ಕಟ್ಟಿದ ಬಿಳಿ ದಾರ

“ಸರ್, ನೋಡದೆ ಬರೆದದ್ದು ಸರಿಯಾಗಿಯೇ ಇದ್ದರೆ ಅದು ಹೇಗೆ ಸುಳ್ಳಾಗುತ್ತದೆ?”

ಕೇಳಿದವನು ನಿರಂಜನ. ವೈದ್ಯಕೀಯ ಓದು ಮುಗಿಸಿ ಅದೇ ಕಾಲೇಜಿನ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆಗಿದ್ದ. ಕೇಳಿಸಿಕೊಂಡವರು ಅವನ ಗುರುಗಳು, ಡಾಕ್ಟರ್ ಪುಟ್ಟಮಾದಪ್ಪ.

ನಡೆದದ್ದು ಇಷ್ಟು. ಬೆಳಿಗ್ಗೆ ಹತ್ತು ಗಂಟೆಗೆ ಹೆಂಗಸರ ವಾರ್ಡಿನ ಪ್ರತಿಯೊಬ್ಬರ ನಾಡಿ, ಬಿ.ಪಿ., ಜ್ವರ ನೋಡಿ ಕೇಸ್ ಶೀಟಿನಲ್ಲಿ ಬರೆಯುವುದು ನಿರಂಜನನ ಕೆಲಸ. ಅವನು ಕುರ್ಚಿಯಿಂದ ಏಳದೆ ಬರೆದಿದ್ದ. ಪಿ.ಜಿ. ಪ್ರವೇಶ ಪರೀಕ್ಷೆಗೆ ಎರಡು ತಿಂಗಳಿತ್ತು, ಪುಸ್ತಕ ತೊಡೆಯ ಮೇಲಿತ್ತು. ಸಿಸ್ಟರ್ ರೆಜಿನಾ ಅದನ್ನು ಕಂಡರು. ತಾವೇ ಹಾಸಿಗೆಯಿಂದ ಹಾಸಿಗೆಗೆ ಹೋಗಿ ಅಳೆದು ಬಂದರು. ಎಲ್ಲ ಅಂಕಿಗಳೂ ನಿರಂಜನ ಬರೆದದ್ದಕ್ಕೆ ಹೊಂದಿದವು, ಎಲ್ಲೋ ಎರಡು ನಾಲ್ಕು ಹೆಚ್ಚು ಕಡಿಮೆ. ಆದರೂ ಅವರು ದೂರು ಕೊಟ್ಟರು. ಆ ವಾರ್ಡಿನ ಒಂದು ತಿಂಗಳ ಕೆಲಸವನ್ನು ಅವನು ಮೊದಲಿನಿಂದ ಮಾಡಬೇಕೆಂದು ಆದೇಶವಾಯಿತು. ಆದೇಶದಲ್ಲಿ ‘ಸುಳ್ಳು ದಾಖಲೆ’ ಎಂದು ಬರೆದಿತ್ತು. ಶಿಕ್ಷೆಗೆ ಅವನ ತಕರಾರಿರಲಿಲ್ಲ. ಆ ಮಾತು ಅವನನ್ನು ಚುಚ್ಚಿತ್ತು.

“ಒಂದು ವಾರದಿಂದ ಅವರನ್ನೆಲ್ಲ ನೋಡ್ತಿದ್ದೀನಿ ಸರ್. ಯಾರ ಬಿ.ಪಿ. ಎಷ್ಟಿರುತ್ತೆ ಅಂತ ಮುಖ ನೋಡಿದರೆ ಗೊತ್ತಾಗುತ್ತೆ. ತಪ್ಪಾಗಿದ್ದರೆ ತಲೆ ತಗ್ಗಿಸುತ್ತಿದ್ದೆ. ತಪ್ಪೇ ಆಗಿಲ್ಲವಲ್ಲ.”

ಗುರುಗಳು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಕೂತ್ಕೊಳ್ಳಯ್ಯಾ. ಒಂದು ಕತೆ ಕೇಳು,” ಎಂದರು.

ಒಂದು ಊರಿನಲ್ಲಿ ಒಬ್ಬ ವೈದ್ಯನಿದ್ದ. ಕೈಗುಣ ಇದ್ದವನು. ದೂರದ ಊರುಗಳಿಂದ ಬಂದ ರೋಗಿಗಳನ್ನು ಗುಣವಾಗುವವರೆಗೆ ತನ್ನ ಮನೆಯಲ್ಲೇ ಇರಿಸಿಕೊಳ್ಳುತ್ತಿದ್ದ. ಅಂಗಳದ ಸುತ್ತ ಏಳೆಂಟು ಕೋಣೆಗಳಿದ್ದವು. ಅವನಿಗೆ ಒಬ್ಬ ಶಿಷ್ಯನಿದ್ದ.

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಶಿಷ್ಯ ದಿನಕ್ಕೆ ಮೂರು ಸಲ ಪ್ರತಿ ರೋಗಿಯ ನಾಡಿ ಹಿಡಿದು ನೋಡಬೇಕು. ನೋಡಿದ ಮೇಲೆ ಆ ಕೋಣೆಯ ಬಾಗಿಲ ಚಿಲಕಕ್ಕೆ ಒಂದು ದಾರ ಕಟ್ಟಬೇಕು. ನಾಡಿ ಸಮವಾಗಿದ್ದರೆ ಬಿಳಿ ದಾರ, ಏರುಪೇರಾಗಿದ್ದರೆ ಕೆಂಪು ದಾರ. ವೈದ್ಯ ಹೊರಗಿನಿಂದ ಬಂದವನು ಅಂಗಳದಲ್ಲಿ ನಿಂತು ಮೊದಲು ದಾರಗಳನ್ನು ನೋಡುತ್ತಿದ್ದ. ಕೆಂಪು ಕಂಡರೆ ಕಾಲು ತೊಳೆಯುವುದಕ್ಕೂ ನಿಲ್ಲದೆ ಒಳಗೆ ಹೋಗುತ್ತಿದ್ದ. ದಾರವೇ ಇಲ್ಲದಿದ್ದರೂ ಹೋಗುತ್ತಿದ್ದ. ಬಿಳಿ ಇದ್ದ ಕೋಣೆಗಳಿಗೆ ಸಂಜೆ ನಿಧಾನವಾಗಿ ಹೋಗುತ್ತಿದ್ದ.

ಇನ್ನೊಂದು ಪದ್ಧತಿಯೂ ಇತ್ತು. ನಾಡಿ ನೋಡುವಾಗ ರೋಗಿಯ ಕಡೆಯವರು ಕೋಣೆಯಲ್ಲಿ ಇರಬಾರದು. ಗಂಡನಾಗಲಿ, ತಾಯಿಯಾಗಲಿ, ಅತ್ತೆಯಾಗಲಿ ಅಂಗಳಕ್ಕೆ ಹೋಗಿ ನಿಲ್ಲಬೇಕು. ಬಾಗಿಲು ತೆರೆದೇ ಇರುತ್ತಿತ್ತು. ಅವರಿಗೆ ಕಾಣುತ್ತಿತ್ತು, ಕೇಳಿಸುತ್ತಿರಲಿಲ್ಲ.

ಶಿಷ್ಯನಿಗೆ ವೈದ್ಯ ಮೊದಲ ದಿನವೇ ಹೇಳಿಕೊಟ್ಟಿದ್ದ. “ಕೈ ಹಿಡಿದ ಕೂಡಲೇ ನಾಡಿಯನ್ನು ನಂಬಬೇಡ. ಪರರ ಕೈ ತಾಗಿದರೆ ನಾಡಿ ಹೆದರುತ್ತದೆ. ಅದು ತನ್ನ ನಡಿಗೆಗೆ ಬರುವವರೆಗೆ ಸುಮ್ಮನೆ ಕೂತಿರು. ಒಂದು ಸಲ ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಸಾಕು.”

ಶಿಷ್ಯ ಬಹಳ ಬುದ್ಧಿವಂತ. ಬುದ್ಧಿವಂತರಿಗೆ ಬರುವ ಕಾಯಿಲೆ ಅವನಿಗೂ ಬಂತು. ಎರಡು ವರ್ಷ ಕಳೆಯುವಷ್ಟರಲ್ಲಿ ಬಾಗಿಲಲ್ಲಿ ನಿಂತು ಮುಖದ ಬಣ್ಣ, ಉಸಿರಾಟ, ಕತ್ತಿನ ನರದ ಮಿಡಿತ ನೋಡಿದರೆ ಸಾಕು, ನಾಡಿ ಹೇಗಿದೆ ಎಂದು ಅವನಿಗೆ ತಿಳಿಯುತ್ತಿತ್ತು. ಮೊದಮೊದಲು ಅಂದಾಜು ಮಾಡಿ, ಆಮೇಲೆ ಒಳಗೆ ಹೋಗಿ ಕೈ ಹಿಡಿದು ತಾಳೆ ನೋಡಿದ. ಒಂದು ತಿಂಗಳು ಹೀಗೆ ಮಾಡಿದ. ಒಂದು ಸಲವೂ ತಪ್ಪಲಿಲ್ಲ. ಆಮೇಲೆ ಒಳಗೆ ಹೋಗುವುದನ್ನೇ ಬಿಟ್ಟ.

ಅವನು ಸೋಮಾರಿಯಲ್ಲ, ಅದನ್ನು ಮರೆಯಬೇಡ. ಉಳಿದ ಹೊತ್ತಿನಲ್ಲಿ ಓಲೆಗರಿ ಬಿಚ್ಚಿ ಓದುತ್ತಿದ್ದ. ಉಳಿಸಿದ ಹೊತ್ತು ವಿದ್ಯೆಗೇ ಹೋಗುತ್ತಿದ್ದರಿಂದ ಅವನ ಮನಸ್ಸು ಅವನನ್ನು ಏನೂ ಕೇಳಲಿಲ್ಲ. ಸೋಮಾರಿಗಾದರೂ ಒಂದು ದಿನ ನಾಚಿಕೆಯಾದೀತು. ಇಂಥವನಿಗೆ ಅದೂ ಇಲ್ಲ.

ಆ ಮನೆಗೆ ಒಬ್ಬ ಗಾಣಿಗ ತನ್ನ ಹೆಂಡತಿಯನ್ನು ಕರೆತಂದ. ತುಂಬು ಬಸುರಿ, ಒಂಬತ್ತನೆಯ ತಿಂಗಳು. ಕಾಲು ಊದಿಕೊಂಡಿದ್ದವು. ಹಿಂದೆ ಎರಡು ಬಸಿರು ಕೈಗೆ ಹತ್ತಿರಲಿಲ್ಲ. ಇದಾದರೂ ಉಳಿಯಲಿ ಎಂದು ಅವಳನ್ನು ವೈದ್ಯನ ಮನೆಯಲ್ಲಿ ಬಿಟ್ಟು, ಜೊತೆಗೆ ತನ್ನ ತಾಯಿಯನ್ನು ಇರಿಸಿ, ಗಾಣಿಗ ಊರಿಗೆ ಹಿಂತಿರುಗಿದ. ಮೊದಲ ದಿನ ವೈದ್ಯನೇ ನಾಡಿ ನೋಡಿದ. ಅತ್ತೆ ಅಂಗಳಕ್ಕೆ ಹೋದಳು. ಆ ಹೊತ್ತಿನಲ್ಲಿ ಸೊಸೆ ತನಗೆ ಅನ್ನ ಸೇರುತ್ತಿಲ್ಲ ಎಂದೂ, ಬಲಗಡೆ ಮಲಗಿದರೆ ಉಸಿರು ಕಟ್ಟುತ್ತದೆ ಎಂದೂ ಮೆಲ್ಲಗೆ ಹೇಳಿಕೊಂಡಳು. ವೈದ್ಯ ಕೇಳಿಸಿಕೊಂಡು ಪಥ್ಯ ಬದಲಿಸಿದ. ಮರುದಿನದಿಂದ ಶಿಷ್ಯನ ಸರದಿ.

ಆ ಸರದಿಯ ಮೊದಲ ಬೆಳಿಗ್ಗೆಯೇ ಸೊಸೆಗೆ ಎಚ್ಚರವಾದಾಗ ಹೊಟ್ಟೆಯಲ್ಲಿ ಮಗು ಮಿಸುಕಲಿಲ್ಲ. ದಿನವೂ ಆ ಹೊತ್ತಿಗೆ ಅದು ಒದೆಯುತ್ತಿತ್ತು. ಅವಳು ಎದ್ದು ತಣ್ಣೀರು ಕುಡಿದಳು, ಎಡಕ್ಕೆ ಹೊರಳಿ ಮಲಗಿದಳು, ಕೈಯಿಟ್ಟು ಕಾದಳು. ಏನೂ ಇಲ್ಲ.

“ಅತ್ತೆಮ್ಮಾ, ಯಾಕೋ ಇವತ್ತು ಮಗು...”

“ಸುಮ್ಕಿರು ತಾಯಿ. ಅಂಥ ಮಾತು ಬಾಯಲ್ಲಿ ಬರಬಾರದು. ಬಿಡ್ತು ಅನ್ನು.”

“ಬಿಡ್ತು,” ಎಂದಳು ಸೊಸೆ.

ಅತ್ತೆ ಕೆಟ್ಟವಳಲ್ಲ. ಆ ಮಾತನ್ನು ಅವಳು ಹಿಂದೆ ಎರಡು ಸಲ ಕೇಳಿದ್ದಳು. ಎರಡು ಸಲವೂ ಅದು ನಿಜವಾಗಿತ್ತು. ಮೂರನೆಯ ಸಲ ಕೇಳುವ ಧೈರ್ಯ ಆ ಮುದುಕಿಗೆ ಇರಲಿಲ್ಲ.

ಸೊಸೆ ಮತ್ತೆ ಆ ಮಾತು ಎತ್ತಲಿಲ್ಲ. ನಾಡಿ ನೋಡುವವನು ಬರುತ್ತಾನಲ್ಲ, ಆಗ ಅತ್ತೆ ಹೊರಗೆ ಹೋಗುತ್ತಾಳೆ, ಆಗ ಹೇಳೋಣ ಎಂದುಕೊಂಡಳು. ಎಡಗೈಯ ಬಳೆಗಳನ್ನು ಮೇಲಕ್ಕೆ ಸರಿಸಿ, ಕೈಯನ್ನು ಸೆರಗಿನಿಂದ ಹೊರಗಿಟ್ಟುಕೊಂಡು ಕಾದಳು.

ಶಿಷ್ಯ ಬಂದ. ಬಾಗಿಲಲ್ಲಿ ನಿಂತು ನೋಡಿದ. ಮುಖ ತಿಳಿಯಾಗಿತ್ತು, ಉಸಿರು ಸಮವಾಗಿತ್ತು. ಚಿಲಕಕ್ಕೆ ಬಿಳಿ ದಾರ ಕಟ್ಟಿ ಮುಂದಿನ ಕೋಣೆಗೆ ಹೋದ. ಅವಸರವಿರಬೇಕು, ಇನ್ನೊಂದು ಸಲ ಬರುತ್ತಾನೆ ಎಂದುಕೊಂಡಳು ಅವಳು.

ಬಿಸಿಲೇರಿದ ಮೇಲೆ ಮತ್ತೆ ಬಂದ. ಮತ್ತೆ ಬಾಗಿಲಲ್ಲೇ ನಿಂತ. ಅವಳು ಬಾಯಿ ತೆರೆದಳು. ಪಕ್ಕದಲ್ಲಿ ಅತ್ತೆ ಬತ್ತಿ ಹೊಸೆಯುತ್ತ ಕೂತಿದ್ದಳು. ಅವಳು ಬಾಯಿ ಮುಚ್ಚಿದಳು. ಎರಡನೆಯ ಬಿಳಿ ದಾರ ಬಿತ್ತು.

ಪಕ್ಕದೂರಿಗೆ ಹೋಗಿದ್ದ ವೈದ್ಯ ಮಧ್ಯಾಹ್ನ ಬಂದು ಅಂಗಳದಲ್ಲಿ ನಿಂತ. ಆ ಬಾಗಿಲಲ್ಲಿ ಎರಡು ಬಿಳಿ ದಾರ ಕಂಡವು. ಸಮಾಧಾನವಾಯಿತು. ಸ್ನಾನಕ್ಕೆ ಹೋದ, ಊಟ ಮಾಡಿದ, ಒಂದು ಗಳಿಗೆ ಅಡ್ಡಾದ.

ಮೂರನೆಯ ಸಲ ಶಿಷ್ಯ ಬಂದಾಗ ಅವಳು ಮೊಣಕೈ ಊರಿ ಅರ್ಧ ಎದ್ದಳು. ಎಡಗೈಯನ್ನು ಮುಂದಕ್ಕೆ ಚಾಚಿದಳು. ಶಿಷ್ಯ ಅದನ್ನು ನೋಡಿ ನಕ್ಕ. ಒಳ್ಳೆಯ ಮನಸ್ಸಿನಿಂದಲೇ ನಕ್ಕ.

“ಮಲಕ್ಕೊಳ್ಳವ್ವಾ. ಚೆನ್ನಾಗಿದ್ದೀಯ. ನಾಡಿ ಸಮವಾಗಿದೆ,” ಎಂದ.

“ನಾನು ಹೇಳಲಿಲ್ವಾ?” ಎಂದಳು ಅತ್ತೆ. ಬೆಳಿಗ್ಗೆಯಿಂದ ಅವಳು ನಕ್ಕದ್ದು ಅದೇ ಮೊದಲು.

ಸಂಜೆ ವೈದ್ಯ ಆ ಕೋಣೆಗೆ ಬಂದ. ಅತ್ತೆ ಅಂಗಳಕ್ಕೆ ಹೋದಳು. ಅವನು ಕೈ ಹಿಡಿದ. ನಾಡಿ ಸಮವಾಗಿತ್ತು. ಆದರೂ ಕೈ ಬಿಡದೆ ಸುಮ್ಮನೆ ಕೂತ. ಹೆಚ್ಚು ಹೊತ್ತು ಕೂರಬೇಕಾಗಲಿಲ್ಲ. ಅವಳು ಗೋಡೆಯ ಕಡೆ ಮುಖ ತಿರುಗಿಸಿ ಹೇಳಿದಳು. “ಬೆಳಿಗ್ಗೆಯಿಂದ ಮಗು ಮಿಸುಕಿಲ್ಲ ಸ್ವಾಮಿ.”

ವೈದ್ಯ ಸೂಲಗಿತ್ತಿಯನ್ನು ಕರೆಸಿದ. ಅವಳು ಬಾಗಿಲು ಹಾಕಿಕೊಂಡಳು. ತನಗೆ ತಿಳಿದದ್ದನ್ನೆಲ್ಲ ಮಾಡಿದಳು. ತಾಯಿ ಉಳಿದಳು. ಮಗು ಅಳಲಿಲ್ಲ.

ಸೂಲಗಿತ್ತಿ ಹೊರಗೆ ಬಂದು ಕೈ ತೊಳೆಯುತ್ತಿದ್ದಾಗ ವೈದ್ಯ ಕೇಳಿದ. “ಬೆಳಿಗ್ಗೆಯೇ ಕರೆದಿದ್ದರೆ?”

“ಉಳೀತಿತ್ತೋ ಇಲ್ಲವೋ, ಅದನ್ನ ನಾನು ಹೆಂಗೆ ಹೇಳಲಿ ಸ್ವಾಮಿ? ಕರೆದಿದ್ರೆ ಒಂದು ಕೈ ನೋಡ್ತಿದ್ದೆ.”

ಮರುದಿನ ಗಾಣಿಗ ಬಂದ. ವೈದ್ಯ ಅವನನ್ನೂ ಅವನ ತಾಯಿಯನ್ನೂ ಎದುರಿಗೆ ಕೂರಿಸಿಕೊಂಡು ನಡೆದದ್ದನ್ನೆಲ್ಲ ಹೇಳಿದ. ಶಿಷ್ಯ ನಾಡಿ ನೋಡದೆ ದಾರ ಕಟ್ಟಿದ್ದನ್ನು, ರಾತ್ರಿ ಅವನೇ ಒಪ್ಪಿಕೊಂಡಂತೆ, ಹೇಳಿದ. ತಾನು ಮಧ್ಯಾಹ್ನ ಅಂಗಳದವರೆಗೆ ಬಂದು ಒಳಗೆ ಹೋಗದಿದ್ದದ್ದನ್ನೂ ಹೇಳಿದ. ವಿಧಿ ಅಂದುಬಿಟ್ಟಿದ್ದರೆ ಅವರು ನಂಬುತ್ತಿದ್ದರು. ಹಿಂದಿನ ಎರಡನ್ನು ಹಾಗೆಯೇ ನಂಬಿದ್ದರು. ಅವನು ಆ ಮಾತನ್ನು ಆಡಲಿಲ್ಲ.

ಗಾಣಿಗ ತಲೆಯೆತ್ತದೆ ಕೇಳಿಸಿಕೊಂಡ. ಮುದುಕಿ ತನ್ನ ಬಾಯಿಗೆ ತಾನೇ ಹೊಡೆದುಕೊಂಡಳು. “ಬೆಳಿಗ್ಗೆಯೇ ಹೇಳೋಕೆ ಬಂದ್ಲು, ನಾನೇ ಬಾಯಿ ಕಟ್ಟಿದೆ,” ಎಂದು ಅತ್ತಳು. ವೈದ್ಯ ಎದ್ದು ಹೋಗಿ ಆ ಕೈಯನ್ನು ಹಿಡಿದುಕೊಂಡ. “ನೀನು ಹೆದರಿದ್ದೆ ತಾಯಿ. ಮನೆಯವರು ಹೆದರುತ್ತಾರೆ ಅಂತಲೇ ನಮ್ಮನ್ನು ಇಟ್ಟಿರುವುದು. ಬರಬೇಕಾಗಿದ್ದವರು ನಾವು,” ಎಂದ.

ಅವರು ಹೋದ ಮೇಲೆ ಶಿಷ್ಯ ವೈದ್ಯನ ಮುಂದೆ ಬಂದು ನಿಂತ. ಅವನ ಕಣ್ಣು ಕೆಂಪಾಗಿದ್ದವು. ಅವನಿಗೆ ದುಃಖವಾಗಿತ್ತು, ಸುಳ್ಳು ಹೇಳಬಾರದು. ಆದರೆ ದುಃಖದ ಜೊತೆಗೆ ಒಂದು ವಾದವೂ ಅವನಲ್ಲಿತ್ತು. ಬುದ್ಧಿವಂತನಲ್ಲವೇ?

“ಗುರುಗಳೇ, ನಾನು ಕಟ್ಟಿದ್ದು ಬಿಳಿ ದಾರ. ಸಂಜೆ ನೀವು ಕೈ ಹಿಡಿದಾಗಲೂ ನಾಡಿ ಸಮವಾಗಿಯೇ ಇತ್ತು. ನಾನು ಒಳಗೆ ಹೋಗಿದ್ದರೂ ಅದೇ ದಾರವನ್ನು ಕಟ್ಟುತ್ತಿದ್ದೆ. ನನ್ನ ದಾರದಲ್ಲಿ ಸುಳ್ಳು ಎಲ್ಲಿದೆ?”

“ದಾರವನ್ನು ನಾಡಿಯ ಗುರುತು ಅಂದುಕೊಂಡೆಯಾ?” ಎಂದ ವೈದ್ಯ. “ಅದು ನೀನು ಒಳಗೆ ಹೋಗಿ ಕೂತಿದ್ದೆ ಎಂಬುದರ ಗುರುತು. ಆ ಬಾಗಿಲಲ್ಲಿ ದಾರ ಇಲ್ಲದಿದ್ದರೆ ಮಧ್ಯಾಹ್ನವೇ ನಾನು ಒಳಗೆ ಹೋಗುತ್ತಿದ್ದೆ.”

ಪುಟ್ಟಮಾದಪ್ಪನವರು ಕತೆಯನ್ನು ಅಲ್ಲಿಗೆ ನಿಲ್ಲಿಸಿದರು. ಕನ್ನಡಕವನ್ನು ಒರೆಸಿ ಹಾಕಿಕೊಂಡರು. ನಿರಂಜನ ನೆಲ ನೋಡುತ್ತ ಕೂತಿದ್ದ. ಕತೆ ಅವನಿಗೆ ತಟ್ಟಿತ್ತು. ಆದರೂ ಅವನು ಇಪ್ಪತ್ತಮೂರು ವರ್ಷದ ಹುಡುಗ, ಪೂರ್ತಿ ಸೋಲಲು ಇನ್ನೂ ಮನಸ್ಸಿರಲಿಲ್ಲ.

“ಆದರೆ ಸರ್, ನಮ್ಮ ವಾರ್ಡಿನಲ್ಲಿ ಯಾರಿಗೂ ಏನೂ ಆಗಲಿಲ್ಲವಲ್ಲ. ಎಲ್ಲರೂ ಚೆನ್ನಾಗಿದ್ದಾರೆ.”

“ಚೆನ್ನಾಗಿದ್ದಾರೆ, ನಿನ್ನ ಅಂಕಿಗಳೂ ಸರಿಯಾಗಿವೆ; ಆ ಹೆಂಗಸರಲ್ಲಿ ಯಾರು ನಿನಗೆ ಏನು ಹೇಳಬೇಕೆಂದು ಕಾಯುತ್ತಿದ್ದರು, ಅದೊಂದನ್ನು ಹೇಳಿಬಿಡು,” ಎಂದರು ಗುರುಗಳು.

ನಿರಂಜನ ಎದ್ದು ಹೆಂಗಸರ ವಾರ್ಡಿನ ಕಡೆ ನಡೆದ.