ಕರಡಿಯ ಕೂದಲು ಕೆದರಿದ್ದು

ಮೈಸೂರಿನ ಹಳೆಯ ಮೃಗಾಲಯದಲ್ಲಿ, ಕರಡಿಗಳ ಕಂದಕದ ಮುಂದೆ ಇಂಚರ ಮುಖ ಊದಿಸಿಕೊಂಡು ನಿಂತಿದ್ದಳು. ಅವಳ ಪುಟ್ಟ ತಮ್ಮ, ಅಪ್ಪನ ಹೆಗಲೇರಿ ಜಿರಾಫೆ ನೋಡಲು ಹೋಗಿದ್ದ. ಇವಳು ನಡೆಯಬೇಕಂತೆ.

"ಅಜ್ಜೀ, ಆ ಕರಡಿಗೆ ಯಾರೂ ತಲೆ ಬಾಚಲ್ವಾ?"

ನಾಗರತ್ನಜ್ಜಿ ನೆರಳಿನ ಕಟ್ಟೆಯ ಮೇಲೆ ಕೂತರು. "ಮೊದಲು ಹೀಗಿರ್ಲಿಲ್ಲ ಕಣೇ, ಕೇಳು," ಎಂದು ಶುರುಮಾಡಿದರು.

ಭೂಮಿ ಆಗಿನ್ನೂ ಹೊಸದು. ಬೆಟ್ಟಗಳ ಮೈ ಆರಿರಲಿಲ್ಲ. ಹೊಳೆಗಳು ದಾರಿ ಕೇಳಿಕೊಂಡು ಹರಿಯುತ್ತಿದ್ದವು. ಕರಡಿಯ ಕೂದಲು ಆಗ ಎಣ್ಣೆ ಹಚ್ಚಿ ಬಾಚಿದಷ್ಟು ನುಣುಪು.

ತಾಯಿಕರಡಿಗೆ ನೇರಳೆ ಎಂಬ ಮಗಳಿದ್ದಳು. ಅಮ್ಮನ ಬೆನ್ನು ಅವಳದ್ದೇ ಆಗಿತ್ತು. ಆಮೇಲೆ ತಮ್ಮ ಹುಟ್ಟಿದ.

"ಅಮ್ಮಾ, ನಾನೂ ಹತ್ತಲಾ?"

"ನೀನು ದೊಡ್ಡವಳು, ನಡಿ."

ನೇರಳೆ ನಡೆದಳು. ಮುಳ್ಳಿನಲ್ಲಿ ನಡೆದಳು, ಕಾದ ಬಂಡೆಯ ಮೇಲೆ ನಡೆದಳು. ಅಮ್ಮನ ಬೆನ್ನ ಮೇಲೆ ತಮ್ಮ ನಿದ್ದೆ ಹೋಗುತ್ತಿದ್ದ. ಅವನ ಗೊರಕೆ ಕೇಳಿದರೂ ಅವಳ ಹೊಟ್ಟೆ ಉರಿಯುತ್ತಿತ್ತು.

"ಅವನನ್ನು ಹಾರಿಸಿಕೊಂಡು ಹೋಗು," ಎಂದಳು ಗಾಳಿಗೆ.

"ನಾನು ಎಲೆ ಹೊರುತ್ತೇನೆ, ಮರಿ ಹೊರಲಾರೆ," ಎಂದಿತು ಗಾಳಿ.

ಒಂದು ದಿನ ಅಮ್ಮ ತಮ್ಮನನ್ನು ಕೆಳಗಿಳಿಸಿ, ಹುತ್ತದೊಳಗೆ ಮೂತಿ ತೂರಿಸಿ ಗೆದ್ದಲು ಹೀರುತ್ತಿದ್ದಳು. ನೇರಳೆ ತಮ್ಮನನ್ನು ಮೆಲ್ಲಗೆ ಕರೆದುಕೊಂಡು ಹೋಗಿ ಹೊಳೆ ನಡುವಿನ ಬಂಡೆ ಹತ್ತಿಸಿದಳು. "ಅಮ್ಮ ಇಲ್ಲೇ ಇರು ಅಂದಳು," ಎಂದು ಸುಳ್ಳು ಹೇಳಿದಳು. ಓಡಿ ಬಂದು ಅಮ್ಮನ ಬೆನ್ನೇರಿದಳು.

ಆಹಾ, ಎಷ್ಟು ಬೆಚ್ಚಗಿತ್ತು! ಆದರೆ ಅಲ್ಲಿ ತಮ್ಮನ ವಾಸನೆಯೂ ಇತ್ತು.

ಅಷ್ಟರಲ್ಲಿ ಹೊಳೆ ಕೂಗಿತು, "ನೇರಳೇ! ಮೇಲೆ ಬೆಟ್ಟದಲ್ಲಿ ಮಳೆಯಾಗಿದೆ. ನಾನು ಉಕ್ಕುತ್ತಿದ್ದೇನೆ, ನಿಲ್ಲೋಕಾಗ್ತಿಲ್ಲ!"

"ಅಮ್ಮಾ!" ನೇರಳೆ ಕಿರುಚಿದಳು. "ತಮ್ಮ ಬಂಡೆ ಮೇಲಿದ್ದಾನೆ! ನಾನೇ ಬಿಟ್ಟು ಬಂದೆ!"

ಅವಳನ್ನು ಇಳಿಸಲು ಪುರಸೊತ್ತೆಲ್ಲಿ? ಅಮ್ಮ ಹಾಗೇ ನೀರಿಗೆ ಧುಮುಕಿದಳು. ತಮ್ಮ ನಡುಗುತ್ತ ಬೆನ್ನಿಗೆ ಹಾರಿದ. ನುಣುಪು ಕೂದಲು, ರಭಸದ ನೀರು, ಅವನು ಜಾರತೊಡಗಿದ. ನೇರಳೆ ಒಂದು ಕೈಯಲ್ಲಿ ಅಮ್ಮನ ಕೂದಲು, ಇನ್ನೊಂದರಲ್ಲಿ ತಮ್ಮನ ಕತ್ತು ಹಿಡಿದಳು. ದಡ ಸೇರುವವರೆಗೂ ಬಿಡಲಿಲ್ಲ. ಅವರ ಉಗುರಿಗೆ ಸಿಕ್ಕ ಕೂದಲೆಲ್ಲ ಉದ್ದಕ್ಕೆ ಜಗ್ಗಿ, ಗಂಟುಗಟ್ಟಿ, ಕೆದರಿ ನಿಂತಿತು.

"ಯಾಕೆ ಹೀಗೆ ಮಾಡಿದೆ?" ಎಂದಳು ಅಮ್ಮ.

"ಬೆನ್ನು ನಂಗೂ ಬೇಕಿತ್ತು."

ಅಮ್ಮ ಅವಳ ಪಾದ ಎತ್ತಿ ನೋಡಿದಳು. ಅಂಗಾಲೆಲ್ಲ ಬಿರಿದಿತ್ತು. ಬಹಳ ಹೊತ್ತು ನೆಕ್ಕಿದಳು. ಆಮೇಲೆ ಬೆನ್ನು ಬಗ್ಗಿಸಿ, "ಇಬ್ಬರೂ ಹತ್ತಿ," ಎಂದಳು.

ಹತ್ತಿದರು. ಹೊಟ್ಟೆಕಿಚ್ಚು ಮಾತ್ರ ಅಷ್ಟು ಸುಲಭಕ್ಕೆ ಇಳಿಯುತ್ತದೆಯೇ? "ಮುಂದಿನ ಜಾಗ ನಂದು!" ಎಂದು ನೇರಳೆ ಕೂದಲು ಜಗ್ಗಿದಳು. "ನಂದು!" ಎಂದು ತಮ್ಮನೂ ಜಗ್ಗಿದ.

ಆ ಜಗಳ ಇವತ್ತಿಗೂ ಮುಗಿದಿಲ್ಲ. ಅದಕ್ಕೇ ಕರಡಿ ತನ್ನ ಮರಿಗಳನ್ನೆಲ್ಲ ಬೆನ್ನ ಮೇಲೇ ಹೊರುತ್ತದೆ, ಅದರ ಕೂದಲು ಯಾವಾಗಲೂ ಕೆದರಿಕೊಂಡೇ ಇರುತ್ತದೆ.