ಒಕ್ಕೂಟದ ಮಂತ್ರಿಯ ತಪ್ಪೊಪ್ಪಿಗೆ

ಆಫ್ರಿಕಾದ ಒಂದು ದೊಡ್ಡ ನದಿಯ ದಡದಲ್ಲಿ ಮುಲೆಂಗ ಎಂಬ ರಾಜನಿದ್ದ. ಮಾತೆತ್ತಿದರೆ ಎದೆ ತಟ್ಟಿಕೊಳ್ಳುತ್ತಿದ್ದ: "ಈ ಸೀಮೆಯ ರಾಜ್ಯಗಳನ್ನೆಲ್ಲ ಒಂದು ಮಾಡುವವನು ನಾನೇ!"

ಅದಕ್ಕೆಂದೇ ಒಬ್ಬ ಮಂತ್ರಿಯನ್ನೂ ಇಟ್ಟಿದ್ದ. ಅವನೇ ಕಬ್ವೆ, ಒಕ್ಕೂಟದ ಮಂತ್ರಿ. ವರ್ಷವರ್ಷವೂ ಸುತ್ತಲಿನ ರಾಜರು ಸೇರುತ್ತಿದ್ದರು, ಅಪ್ಪಿಕೊಳ್ಳುತ್ತಿದ್ದರು, ಉಂಡು ಏಳುತ್ತಿದ್ದರು. ಗಡಿಯ ಬಾಗಿಲುಗಳು ಮಾತ್ರ ಮುಚ್ಚಿಯೇ ಇರುತ್ತಿದ್ದವು. ಬೆಳೆದದ್ದು ಕಬ್ವೆಯ ಹೊಟ್ಟೆ ಮಾತ್ರ.

ಒಂದು ದಿನ ಮುಟಾಲೆ ಎಂಬ ಮೀನು ಮಾರುವವಳು ಆಸ್ಥಾನಕ್ಕೇ ನುಗ್ಗಿ ಬುಟ್ಟಿ ಕುಕ್ಕಿದಳು. ಸಭೆಯೆಲ್ಲ ಮೂಗು ಮುಚ್ಚಿಕೊಂಡಿತು.

"ಆಚೆ ದಡದ ಸಂತೆಗೆ ಹೊರಟಿದ್ದೆ ದೊರೆ. ನಿಮ್ಮ ಕಾವಲಿನವರು ಬಿಡಲಿಲ್ಲ. ಇವರು ಬಿಟ್ಟರೂ ಆಚೆಯವರು ಬಿಡುವುದಿಲ್ಲ. ಬಿಸಿಲಿಗೆ ಮೀನೆಲ್ಲ ಕೊಳೆಯಿತು. ಮಕ್ಕಳಿಗೆ ಏನು ಬೇಯಿಸಿ ಹಾಕಲಿ?"

ರಾಜ ಕೆಂಡವಾದ. "ಕಬ್ವೆ! ಒಕ್ಕೂಟಕ್ಕೆ ಅಡ್ಡಗಾಲು ಹಾಕುತ್ತಿರುವವನು ಯಾರು? ನಾಳೆ ಹೆಸರು ಹೇಳು, ಅವನನ್ನು ಮೊಸಳೆಗೆ ಹಾಕಿಸುತ್ತೇನೆ. ಹೇಳದಿದ್ದರೆ ನಿನ್ನನ್ನು!"

ಹೆಸರು ಕಬ್ವೆಗೆ ಗೊತ್ತಿತ್ತು. ಬಾಗಿಲು ತೆಗೆಯಲು ಅಪ್ಪಣೆ ಕೊಡದವನು ರಾಜನೇ. ಅದನ್ನು ಹೇಳಿದರೆ ತಲೆ ಹೋಗುತ್ತದೆ, ಹೇಳದಿದ್ದರೂ ಹೋಗುತ್ತದೆ. 'ಇಷ್ಟು ವರ್ಷ ತಿನ್ನುವುದಕ್ಕಷ್ಟೇ ಬಾಯಿ ತೆಗೆದೆಯಲ್ಲೋ, ಮಹಾ ಬುದ್ಧಿವಂತ!' ಎಂದು ತನಗೆ ತಾನೇ ಬೈದುಕೊಂಡ.

ಮರುದಿನ ಸಭೆಯಲ್ಲಿ ಕೈಮುಗಿದು ನಿಂತ.

"ಕಳ್ಳ ಸಿಕ್ಕಿದ ಪ್ರಭು. ನಾನೇ."

"ನೀನೇ?"

"ಒಕ್ಕೂಟ ಆಗಿಬಿಟ್ಟರೆ ಒಕ್ಕೂಟದ ಮಂತ್ರಿಗೆ ಏನು ಕೆಲಸ? ಔತಣ ಹೋಗುತ್ತದೆ, ಪಲ್ಲಕ್ಕಿ ಹೋಗುತ್ತದೆ, ಮನೆಯಲ್ಲಿ ಹೆಂಡತಿಯೂ ಲೆಕ್ಕಕ್ಕಿಡುವುದಿಲ್ಲ. ಅದಕ್ಕೇ ಪ್ರತಿ ಸಭೆಯಲ್ಲೂ 'ಮುಂದಿನ ವರ್ಷ ಸೇರಿ ಯೋಚಿಸೋಣ' ಎಂದು ಮೊದಲು ಹೇಳುವವನು ನಾನು. ಆಮೇಲೆ ಎರಡನೇ ಸಲ ಬಡಿಸಿಕೊಳ್ಳುವವನೂ ನಾನೇ."

ಸಭೆ ಗೊಳ್ಳೆಂದಿತು. ತೀರ್ಪು ಕೇಳಲು ಬಂದಿದ್ದ ಮುಟಾಲೆ ಕೂಡ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

ರಾಜ ಮಾತ್ರ ನಗಲಿಲ್ಲ. "ಒಂದು ಪಲ್ಲಕ್ಕಿಗಾಗಿ ಇಷ್ಟು ಜನರನ್ನು ಗೋಳಾಡಿಸಿದೆಯಾ? ನಾಚಿಕೆ ಆಗುವುದಿಲ್ಲವೇ?"

"ಆಗುತ್ತದೆ ಪ್ರಭು. ಆದರೆ ಬರೀ ಪಲ್ಲಕ್ಕಿ ಬಿಡಲಾರದೆ ನನಗೇ ಇಷ್ಟು ಸಂಕಟವಾದರೆ, ಸಿಂಹಾಸನದ ಮೇಲೆ ಕೂತವರಿಗೆ ಇನ್ನೆಷ್ಟಿರಬೇಡ!"

ಮುಲೆಂಗ ತನ್ನ ಕೈಗಳತ್ತ ನೋಡಿಕೊಂಡ. ಎರಡೂ ಸಿಂಹಾಸನವನ್ನು ಬಿಗಿಯಾಗಿ ಹಿಡಿದಿದ್ದವು. ಮೆಲ್ಲಗೆ ಸಡಿಲಿಸಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

"ನಮ್ಮ ಕಡೆಯ ಬಾಗಿಲು ಇವತ್ತೇ ತೆಗೆಯಿರಿ. ಇವನಿಗೆ ಒಂದು ಚಿನ್ನದ ಕಡಗ ತೊಡಿಸಿ, ಆಚೆ ದಡದ ದೊರೆಯ ಹತ್ತಿರ ಕಳಿಸಿ. ಅಲ್ಲೂ ಹೋಗಿ ಇದೇ ತಪ್ಪು ಒಪ್ಪಿಕೊಳ್ಳಲಿ!"